ದೊಡ್ಡಮ್ಮನಿಗೆ ಕಳಿಸಿದ ಟವಲ್ಲು

ಕೊಳ್ಳೇಗಾಲದಲ್ಲಿ ಬೆಳಗಿನ ಮೊದಲ ಬಸ್ಸೇ ತಪ್ಪಬಹುದಿತ್ತು. ಅದು ಸಿಕ್ಕಿದರೂ ಯಳಂದೂರಿನಲ್ಲಿ ಬೆಟ್ಟದ ಬಸ್ಸು ಕೆಟ್ಟು ನಿಂತಿರಬಹುದಿತ್ತು. ಹೊರಟರೂ ತಿರುವಿನಲ್ಲಿ ಬ್ರೇಕು ಕೈಕೊಡಬಹುದಿತ್ತು. ಬ್ರೇಕು ನೆಟ್ಟಗಿದ್ದರೆ ರಸ್ತೆಗೆ ಅಡ್ಡಲಾಗಿ ಒಂಟಿ ಸಲಗ ನಿಂತಿರಬಹುದಿತ್ತು. ಚೆಕ್‌ಪೋಸ್ಟಿನವರು ನನ್ನ ಬ್ಯಾಗು ಬಿಚ್ಚಿಸಿ, ಒಳಗೆ ನಾಲ್ಕು ಅಚ್ಚು ಬೆಲ್ಲ ಮತ್ತು ಒಂದು ಕೊಳಕು ಟವಲ್ಲು ಬಿಟ್ಟರೆ ಏನೂ ಇಲ್ಲದ್ದನ್ನು ಕಂಡು ಅನುಮಾನಪಟ್ಟು ಕೂರಿಸಿಕೊಳ್ಳಬಹುದಿತ್ತು. ಬೆಲ್ಲವನ್ನು ಕೋತಿ ಕಿತ್ತುಕೊಂಡು ಹೋಗಬಹುದಿತ್ತು. ನಾನು ನೋಡಲು ಹೊರಟ ಆನೆ ಕಾಡಿನಿಂದ ವಾಪಸ್ ಬಂದಿರದೇ ಇರಬಹುದಿತ್ತು. ಬಂದಿದ್ದರೆ ನನ್ನನ್ನು ಯಾರೋ ಹಳೆಯ ವೈರಿ ಎಂದುಕೊಂಡು ಎತ್ತಿ ಒಗೆಯಬಹುದಿತ್ತು. ಆನೆಗಳಿಗೆ ನೆನಪಿನ ಶಕ್ತಿ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ತಪ್ಪು ನೆನಪು ಬರುವುದಿಲ್ಲ ಎಂದು ಯಾರೂ ಹೇಳಿಲ್ಲ. ಇತ್ತ ಮನೆಯಲ್ಲಿ, ನಾನಿಲ್ಲದ ಹೊತ್ತು ನೋಡಿ ಅಪ್ಪ ತಾನೇ ಮಂಚದಿಂದ ಇಳಿಯಲು ಹೋಗಿ ಇನ್ನೊಂದು ಕಡೆಯ ಸೊಂಟವನ್ನೂ ಮುರಿದುಕೊಳ್ಳಬಹುದಿತ್ತು.

ಹೆಂಡತಿಗೂ ಹೇಳದ ಭಯ ಇನ್ನೊಂದಿತ್ತು. ಆನೆ ಆ ಟವಲ್ಲನ್ನು ಮೂಸಿ ನೋಡಿ, ಯಾರದ್ದೋ ಬಟ್ಟೆ ಎಂದು ಕೆಳಗೆ ಹಾಕಿ, ಹುಲ್ಲು ತಿನ್ನುವುದನ್ನು ಮುಂದುವರಿಸಬಹುದಿತ್ತು. ಹಾಗಾದರೆ ಅಪ್ಪನಿಗೆ ಏನು ಹೇಳಬೇಕು ಎಂದು ಯೋಚಿಸುತ್ತಾ ಹಿಂದಿನ ವಾರವೆಲ್ಲ ಹನೂರಿನ ಸುತ್ತ ಊರೂರು ತಿರುಗಿದ್ದೆ.

ತಿರುಗುವುದೇ ನನ್ನ ನೌಕರಿ. ಆರೋಗ್ಯ ಇಲಾಖೆಯಲ್ಲಿ ನಾನೊಬ್ಬ ಸಣ್ಣ ನೌಕರ. ಅಜ್ಜೀಪುರ, ರಾಮಾಪುರ, ಅದರಾಚೆಯ ಕಾಡಂಚಿನ ಊರುಗಳಲ್ಲಿ ಜನರನ್ನು ಕೂರಿಸಿಕೊಂಡು ಕೈ ತೊಳೆಯುವುದು ಹೇಗೆ ಎಂದು ತೋರಿಸುತ್ತೇನೆ. ಮೊದಲು ಅಂಗೈ, ಆಮೇಲೆ ಬೆರಳ ಸಂದಿ, ಆಮೇಲೆ ಉಗುರು. ಐವತ್ತೊಂದು ವರ್ಷದ ಗಂಡಸು ಬರಿಗೈಗಳನ್ನು ಗಾಳಿಯಲ್ಲಿ ಉಜ್ಜುತ್ತಾ ನಿಂತರೆ ನೋಡುವವರಿಗೆ ಬೇರೆ ಮನರಂಜನೆ ಬೇಕಿಲ್ಲ. ರಾಮಾಪುರದ ಒಬ್ಬಜ್ಜಿ ನನ್ನನ್ನು ಕಂಡಾಗಲೆಲ್ಲ, "ಬಂದ್ಯಾ ಸೋಪಪ್ಪ? ಇನ್ನೂ ಹೋಗ್ಲಿಲ್ವಾ ನಿನ್ ಕೈ ಕೊಳೆ?" ಎನ್ನುತ್ತಾಳೆ. ನನ್ನ ಬ್ಯಾಗಿನಲ್ಲಿ ಸದಾ ಒಂದು ಸೋಪು ಇರುತ್ತದೆ. ಅಂದೂ ಇತ್ತು. ಚೆಕ್‌ಪೋಸ್ಟಿನ ಲೆಕ್ಕಕ್ಕೆ ಅದನ್ನು ಸೇರಿಸಲು ಮರೆತೆ.

ಇಂಥವನು ಆನೆ ಮಾವುತನ ಮಗ ಎಂದರೆ ಯಾರೂ ನಂಬುವುದಿಲ್ಲ.

ಅಪ್ಪ ಯಳಂದೂರಿನ ಮೇಲಿನ ಬೆಟ್ಟದ ಆನೆ ಶಿಬಿರದಲ್ಲಿ ಮಾವುತನಾಗಿದ್ದ. ನಾವು ಕೆಳಗೆ ಯಳಂದೂರಿನಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೆವು. ಅಪ್ಪ ಹದಿನೈದು ದಿನಕ್ಕೊಮ್ಮೆ ಇಳಿದು ಬಂದು ಒಂದು ರಾತ್ರಿ ಇದ್ದು ಹೋಗುತ್ತಿದ್ದ. ಮಾರನೆಯ ಬೆಳಿಗ್ಗೆ ಅವನು ತಿಂಡಿಯನ್ನು ಅವಸರವಾಗಿ ತಿನ್ನುವುದನ್ನು ನೋಡಿ ಅವ್ವ, "ಓಗ್ರಿ, ಓಗ್ರಿ. ನಿಮ್ ದೊಡ್ಡೆಂಡ್ತಿ ಕಾಯ್ತಾ ನಿಂತಿರ್ತಾಳೆ" ಎನ್ನುತ್ತಿದ್ದಳು. ಅವ್ವನ ಬಾಯಲ್ಲಿ ದೊಡ್ಡ ಹೆಂಡತಿಯಾದವಳು ನನಗೆ ಸಹಜವಾಗಿ ದೊಡ್ಡಮ್ಮನಾದಳು. ಶಾಲೆಯಲ್ಲಿ ಮೇಷ್ಟ್ರು "ನಿಮ್ಮ ಮನೆಯಲ್ಲಿ ಎಷ್ಟು ಜನ" ಎಂದು ಕೇಳಿದಾಗ ದೊಡ್ಡಮ್ಮನನ್ನೂ ಸೇರಿಸಿ ಹೇಳಿದ್ದೆ. ಅವಳೇನು ಕೆಲಸ ಮಾಡುತ್ತಾಳೆ ಎಂದು ಕೇಳಿದರು. ಮರ ಎಳೆಯುತ್ತಾಳೆ ಎಂದೆ. ಆ ಮೇಷ್ಟ್ರು ಬಹಳ ದಿನ ಅಪ್ಪನನ್ನು ಕಂಡರೆ ಮಾತಾಡುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಶಿಬಿರಕ್ಕೆ ಕರೆದೊಯ್ಯುತ್ತಿದ್ದ. ಸಂಜೆ ಆನೆಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ, ಕಾಲಿಗೊಂದು ಉದ್ದನೆಯ ಸರಪಳಿ ಕಟ್ಟಿ. ಬೆಳಿಗ್ಗೆ ಆ ಸರಪಳಿ ಎಳೆದ ಗೆರೆ ಮಣ್ಣಿನ ಮೇಲೆ, ತರಗೆಲೆಯ ನಡುವೆ ಕಾಣುತ್ತದೆ. ಅದನ್ನು ಹಿಡಿದು ಹೋದರೆ ಗೆರೆಯ ಕೊನೆಗೆ ಆನೆ. ಒಂಬತ್ತನೆಯ ವಯಸ್ಸಿನಲ್ಲಿ ನಾನು ಅಪ್ಪನ ಹಿಂದೆ ಆ ಗೆರೆ ತುಳಿದುಕೊಂಡು ಹೋಗಿದ್ದೇನೆ. ಹುಲಿ ಬಂದರೆ? ಗೆರೆ ನದಿಗೆ ಇಳಿದಿದ್ದರೆ? ಗೆರೆಯ ಕೊನೆಗೆ ಬೇರೆ ಆನೆ ಇದ್ದರೆ? ಆಗಲೇ ನಾನು ಹೀಗೆ. ಅಪ್ಪ ತಿರುಗಿ ನೋಡದೆ "ಧತ್" ಎಂದ. ಆನೆ ಮಾತಿನಲ್ಲಿ ಅದಕ್ಕೆ ನಿಲ್ಲು, ಅಲುಗಬೇಡ ಎಂದರ್ಥ. ಆ ಮಾತು ಕನ್ನಡದ್ದಲ್ಲ. ಹಿಂದೆಂದೋ ಎಲ್ಲಿಂದಲೋ ಬಂದ ಮಾವುತರು ಬಿಟ್ಟುಹೋದದ್ದು. ಆದರೆ ನಮ್ಮ ಮನೆಯಲ್ಲಿ ಅದು ಚೆನ್ನಾಗಿ ನಡೆಯುತ್ತಿತ್ತು. ನಾನು ಸೈಕಲ್ ಕಲಿಯುವಾಗ ಅಪ್ಪ ಹಿಂದಿನಿಂದ "ಧತ್" ಎಂದರೆ ಬ್ರೇಕು, "ಮೈಲ್" ಎಂದರೆ ಪೆಡಲು. ಇಂದಿಗೂ ಎಚ್ಚರ ತಪ್ಪಿದಾಗ ಬಸ್ಸಿನ ಡ್ರೈವರಿಗೆ ಧತ್ ಎಂದುಬಿಡುತ್ತೇನೆ. ಅವನು ಬೈಗುಳ ಎಂದುಕೊಳ್ಳುತ್ತಾನೆ.

ಅಪ್ಪ ಬೆಟ್ಟ ಹತ್ತಿದ ಮೇಲೆ ಮನೆಯಲ್ಲಿ ಅವನ ವಾಸನೆ ಉಳಿಯುತ್ತಿತ್ತು. ಅವನ ವಾಸನೆ ಎಂದರೆ ಅವಳ ವಾಸನೆಯೇ. ಒದ್ದೆ ಮಣ್ಣು, ಅಗಿದ ಬಿದಿರು, ಬೇಯಿಸಿದ ಹುರುಳಿ, ಅದರ ಕೆಳಗೆಲ್ಲೋ ಹಳೆಯ ಗೋಣಿಚೀಲದಂಥದ್ದು. ಅವನು ಕುತ್ತಿಗೆಗೆ ಹಾಕಿಕೊಂಡು ಬಂದ ಟವಲ್ಲನ್ನು ಅವ್ವ ಒಗೆಯಲು ಹುಡುಕುವಳು. ನಾನು ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, ರಾತ್ರಿ ಮುಖದ ಮೇಲೆ ಹೊದ್ದು ಮಲಗುತ್ತಿದ್ದೆ. ನಾಲ್ಕು ದಿನಕ್ಕೆ ವಾಸನೆ ತೆಳುವಾಗುತ್ತಿತ್ತು. ವಾರಕ್ಕೆ ಬರೀ ಬಟ್ಟೆ. ಆಮೇಲೆ ಅವ್ವನಿಗೆ ಕೊಟ್ಟುಬಿಡುತ್ತಿದ್ದೆ. ಮಿಕ್ಕ ದಿನಗಳನ್ನು ಹೇಗೆ ಕಳೆಯುತ್ತಿದ್ದೆನೋ ನೆನಪಿಲ್ಲ. ಇದನ್ನೆಲ್ಲ ಇಲ್ಲಿ ಬರೆಯುತ್ತಿರುವುದು, ನನಗೆ ಗೊತ್ತಿರಲಿಲ್ಲ ಎಂದು ಆಮೇಲೆ ನಾನೇ ಹೇಳಿಕೊಂಡು ತಪ್ಪಿಸಿಕೊಳ್ಳಬಾರದು ಎಂದು.

ಅಪ್ಪ ನಿವೃತ್ತನಾದ ದಿನ ತನ್ನ ಟವಲ್ಲನ್ನು ತನ್ನ ಕಾವಾಡಿಗೆ, ಎಂದರೆ ಆನೆಯ ಸ್ನಾನ ಮೇವು ನೋಡಿಕೊಳ್ಳುತ್ತಾ ಜೊತೆಗಿದ್ದ ಸಹಾಯಕನಿಗೆ, ಹಾಕಿ ಬಂದ. ಅದು ಅಲ್ಲಿಯ ಪದ್ಧತಿ. ಹೊಸ ಮಾವುತ ಹಳೆಯವನ ಬಟ್ಟೆ ಹೊದ್ದುಕೊಂಡು ಕುತ್ತಿಗೆ ಏರುತ್ತಾನೆ. ಕೆಲವು ದಿನ ಎರಡು ವಾಸನೆ ಕೂಡಿಯೇ ಇರುತ್ತವೆ. ನಿಧಾನಕ್ಕೆ ಹಳೆಯದು ಕಳೆದು ಹೊಸದು ಉಳಿಯುತ್ತದೆ. ಅಷ್ಟರೊಳಗೆ ಆನೆ ಒಪ್ಪಿಕೊಂಡಿರುತ್ತದೆ. ಪದ್ಧತಿಯ ಇನ್ನರ್ಧವೂ ಇದೆ. ಹಳೆಯ ಮಾವುತ ಮತ್ತೆ ಆ ಕಡೆ ತಲೆ ಹಾಕಬಾರದು. ಹಾಕಿದರೆ ಆನೆ ಹಳೆಯವನ ಹಿಂದೆ ಬರುತ್ತದೆ, ಹೊಸಬನ ಮಾತು ಕೇಳುವುದಿಲ್ಲ, ಹೊಸಬನಿಗೆ ಅಪಾಯ.

ಅಪ್ಪ ಇಪ್ಪತ್ತು ವರ್ಷ ಹೋಗಲಿಲ್ಲ. ನನ್ನ ಜೊತೆ ಕೊಳ್ಳೇಗಾಲಕ್ಕೆ ಬಂದ. ಇಲ್ಲಿಂದ ಯಳಂದೂರು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಸಂಜೆ ಬಸ್‌ಸ್ಟಾಂಡಿನವರೆಗೆ ನಡೆದು ಹೋಗಿ ಆ ಬಸ್ಸು ಹೊರಡುವುದನ್ನು ನೋಡಿ ವಾಪಸ್ ಬರುತ್ತಿದ್ದ. ಕೇಳಿದರೆ "ಕಾಲಾಡ್ಸಕೋಗಿದ್ದೆ" ಎನ್ನುತ್ತಿದ್ದ.

ತಿಂಗಳಿಗೊಮ್ಮೆ ನನ್ನನ್ನು ಕೇಳುತ್ತಿದ್ದ, "ಆ ಕಾವಾಡಿಗೆ ಫೋನ್ ಮಾಡಿದ್ಯೇನ್ಲಾ? ಎಂಗವ್ಳಂತೆ ಅವ್ಳು?"

"ಚೆನ್ನಾಗವ್ಳಂತೆ ಕಣಪ್ಪ."

ನಾನು ಫೋನ್ ಮಾಡಿರುತ್ತಿರಲಿಲ್ಲ. ಮಾಡಿ, ಸತ್ತು ಹೋದಳು ಎಂಬ ಸುದ್ದಿ ಬಂದರೆ? ಅದನ್ನು ಇವನಿಗೆ ಹೇಳುವುದು ಹೇಗೆ? ಅದಕ್ಕಿಂತ ಕೇಳದೇ ಇರುವುದು ಕ್ಷೇಮ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದಾಗಲೂ "ಎರಡು ತಿಂಗಳಲ್ಲಿ ಓಡಾಡ್ತೀಯ" ಎಂದಿದ್ದೆ. ಕಣ್ಣು ಮಂಜಾದಾಗ "ಡ್ರಾಪ್ಸ್ ಹಾಕಿದ್ರೆ ಸರಿಹೋಗ್ತದೆ" ಎಂದಿದ್ದೆ. ಈಗ ಅವನು ಮಂಚ ಬಿಟ್ಟು ಇಳಿಯುವಂತಿಲ್ಲ. ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟು ಕಾಣುತ್ತದೆ. ನನ್ನ ಮಾತಿಗೆ ಮನೆಯಲ್ಲಿ ಎಷ್ಟು ಬೆಲೆ ಎಂಬುದು ಇದರಿಂದ ತಿಳಿಯಬಹುದು.

ಹೋದ ತಿಂಗಳು ಆ ಹಳೆಯ ಕಾವಾಡಿಯೇ ಫೋನ್ ಮಾಡಿದ. ಅಪ್ಪನ ನಂತರ ಅವನೇ ಅವಳ ಮಾವುತ. ಈಗ ಅವನಿಗೂ ನಿವೃತ್ತಿ. "ಬರೋ ತಿಂಗ್ಳು ನಾನೂ ಇಳಿತೀನಿ ತಮ್ಮ. ಇನ್ನು ನಿಮ್ಮಯ್ಯ ಬಂದ್ರೂ ನಂಗೇನು ತೊಂದ್ರೆ ಇಲ್ಲ. ಒಂದ್ಸಲ ಕರ್ಕೊಂಬಾ. ಆಮೇಲೆ ಇಲ್ಲಿ ಅಯ್ಯ ಯಾರು ಅಂತ ಕೇಳೋರೂ ಇರಲ್ಲ" ಎಂದ.

ಇಪ್ಪತ್ತು ವರ್ಷ ಮುಚ್ಚಿದ್ದ ಬಾಗಿಲು ತೆರೆಯಿತು, ಅಪ್ಪನಿಗೆ ಎದ್ದು ಹೋಗಲು ಕಾಲಿಲ್ಲ. ವಿಷಯ ಹೇಳಿದ ಮೂರನೆಯ ದಿನ ನನ್ನನ್ನು ಕರೆದ.

"ಅವ್ಳಿಗೆ ನಾನು ಗ್ಯಾಪ್ಕ ಇದ್ದೀನೋ ಇಲ್ವೋ. ಅದೊಂದು ಗೊತ್ತಾಗ್ಬೇಕು ಕಣ್ಲಾ ನಂಗೆ. ಇಲ್ಲ ಅಂದ್ರೂ ಚಿಂತೆಯಿಲ್ಲ. ಗೊತ್ತಾಗ್ಬೇಕು."

ಅಂದಿನಿಂದ ಒಂದು ಟವಲ್ಲು ಅವನ ಕುತ್ತಿಗೆ ಬಿಟ್ಟು ಇಳಿಯಲಿಲ್ಲ. ಅದನ್ನೇ ಹೊದ್ದು ಮಲಗಿದ, ಅದರಲ್ಲೇ ಬೆವರು ಒರೆಸಿಕೊಂಡ. ನನ್ನ ಹೆಂಡತಿ ಒಗೆಯಲು ಕೇಳಿದಾಗ, "ಬುಡವ್ವ, ಅದು ನೆಂಟ್ರ ಮನೆಗೆ ಓಗೋದು" ಎಂದ. ಅವಳು ಮೂಗಿಗೆ ಸೆರಗು ಹಿಡಿದುಕೊಂಡು, "ಇಂಥಾ ಉಡುಗೊರೆ ತಕಂಡು ಬಂದ್ರೆ ನೆಂಟ್ರು ಬಾಗ್ಲು ಹಾಕೊತಾರೆ ಮಾವ" ಎಂದಳು. ಬಹಳ ದಿನದ ಮೇಲೆ ಅಪ್ಪ ನಕ್ಕ.

ಹೊರಡುವ ಬೆಳಿಗ್ಗೆ ಟವಲ್ಲನ್ನು ಮಡಿಸಿ ನನ್ನ ಕೈಗಿಟ್ಟ. "ಅವ್ಳ ಕೈಗೇ ಕೊಡು. ಇಸ್ಕಂಡು ವಾಪಸ್ ತಕಂಬಾ. ಮರೀಬ್ಯಾಡ."

"ಆಯ್ತಪ್ಪ."

ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಮತ್ತೆ ಕೂಗಿದ, "ವಾಪಸ್ ತಕಂಬಾ." ಬೀದಿಗೆ ಇಳಿದಾಗ ಮೂರನೆಯ ಸಲ ಕೇಳಿಸಿತು. ವಯಸ್ಸಾದವರಿಗೆ ಸಾಮಾನಿನ ಮೇಲೆ ಮೋಹ ಎಂದುಕೊಂಡೆ.

ಬಸ್ಸುಗಳು ಸಿಕ್ಕಿದವು. ಬ್ರೇಕು ಹಿಡಿಯಿತು. ಚೆಕ್‌ಪೋಸ್ಟಿನವನು ನನ್ನ ಮುಖವನ್ನೂ ನೋಡಲಿಲ್ಲ. ಸ್ವಲ್ಪ ಬೇಜಾರೇ ಆಯಿತು.

ಹಳೆಯ ಕಾವಾಡಿ ಹಳ್ಳದ ಬಳಿ ಅವಳಿಗೆ ಸ್ನಾನ ಮಾಡಿಸುತ್ತಿದ್ದ. ಅವನ ತಲೆ ನೆರೆತಿತ್ತು. ಅವಳ ಕಿವಿಯ ಅಂಚು, ಸೊಂಡಿಲಿನ ಬುಡ ಎಲ್ಲ ಬಿಳಿ ಬಿಳಿ ಮಚ್ಚೆ. ಕೆನ್ನೆ ಒಳಕ್ಕೆ ಹೋಗಿತ್ತು. ನನ್ನ ನೆನಪಿನಲ್ಲಿ ಅವಳು ಬೆಟ್ಟದಷ್ಟು ಎತ್ತರ. ಈಗ ಆನೆಯಷ್ಟೇ ಎತ್ತರ. ಆದರೂ ಹತ್ತಿರ ಹೋಗದೆ ದೂರದಲ್ಲೇ ನಿಂತೆ.

"ಅಲ್ಲೇ ಯಾಕ್ ನಿಂತೆ? ಬಾ ಇತ್ಲಾಗೆ" ಎಂದ ಅವನು.

"ಇಲ್ಲೇ ಇರ್ತೀನಣ್ಣ. ಕಾಣ್ತದೆ."

"ಕಾಣ್ತದಂತೆ! ಮಾವುತನ ಮಗ ಆಗಿ ಹಸು ಕಂಡ್ ಪ್ಯಾಟೆ ಐಕ್ಳಂಗೆ ಆಡ್ತೀಯಲ್ಲ. ಅಯ್ಯ ನೋಡಿದ್ರೆ ನಿಂಗೇ ಸರಪಳಿ ಹಾಕ್ತಿದ್ದ. ಬಾ ಅಂದ್ರೆ."

ಹೋದೆ. ಮೊದಲು ಬೆಲ್ಲ ಕೊಟ್ಟೆ. ಬೆಲ್ಲ ಯಾರು ಕೊಟ್ಟರೂ ಬೆಲ್ಲವೇ, ತಿಂದಳು. ಆಮೇಲೆ ಟವಲ್ಲನ್ನು ಬಿಡಿಸಿ ಎರಡೂ ಕೈಯಲ್ಲಿ ಹಿಡಿದೆ. ಸೊಂಡಿಲಿನ ತುದಿ ಬಂದು ಟವಲ್ಲಿನ ಮೇಲೆ ಒಮ್ಮೆ ಆಡಿತು. ಹೋಯಿತು. ಕಾವಾಡಿ ನನ್ನನ್ನು ನೋಡಲಿಲ್ಲ, ನಾನೂ ಅವನನ್ನು ನೋಡಲಿಲ್ಲ.

ಅದು ಮತ್ತೆ ಬಂತು. ಈ ಸಲ ಟವಲ್ಲನ್ನು ನನ್ನ ಕೈಯಿಂದ ಎಳೆದುಕೊಂಡಿತು. ತುದಿಯನ್ನು ಬಾಯೊಳಗೆ ಇಟ್ಟುಕೊಂಡು ನಿಂತಳು. ಕಿವಿ ಬೀಸುವುದು ನಿಂತಿತು. ಅವಳ ಹಣೆಯ ಒಳಗಿಂದ, ಗಂಟಲಿನಿಂದ, ಎಲ್ಲಿಂದಲೋ ಗೊತ್ತಿಲ್ಲ, ದೂರದ ಲಾರಿಯಂಥ ಒಂದು ಸದ್ದು ಹೊರಟಿತು. ನನ್ನ ಅಂಗಾಲಿಗೆ ಅದು ಗೊತ್ತಾಗುತ್ತಿತ್ತು. ಆಮೇಲೆ ಅವಳು ಸೊಂಡಿಲನ್ನು ನನ್ನ ಹೆಗಲ ಮೇಲಿನಿಂದ ಹಿಂದಕ್ಕೆ ಚಾಚಿದಳು. ನನ್ನ ಹಿಂದೆ ಯಾರೂ ಇರಲಿಲ್ಲ. ಎಡಕ್ಕೆ ಚಾಚಿದಳು, ಬಲಕ್ಕೆ ಚಾಚಿದಳು. ಸ್ನಾನ ಅರ್ಧಕ್ಕೆ ಬಿಟ್ಟು ಹಳ್ಳದಿಂದ ಎದ್ದು, ನಾನು ಬಂದ ಕಾಲುದಾರಿ ಹಿಡಿದು ರಸ್ತೆಯ ಅಂಚಿಗೆ ಹೋಗಿ ನಿಂತಳು. ಟವಲ್ಲು ಬಾಯಲ್ಲೇ ಇತ್ತು.

"ಧತ್!" ಎಂದ ಕಾವಾಡಿ. ಅವಳು ತಿರುಗಲಿಲ್ಲ. "ಧತ್, ಧತ್!" ಇಪ್ಪತ್ತು ವರ್ಷದಲ್ಲಿ ತನ್ನ ಮಾತು ಅವಳು ಮೀರಿದ್ದು ಇದೇ ಮೊದಲು ಎಂದು ಆಮೇಲೆ ಹೇಳಿದ. ಅವನ ಕಣ್ಣಲ್ಲಿ ನೀರಿತ್ತು. "ನೋಡ್ದಾ? ಅದ್ಕೇ ಅಯ್ಯ ಬರ್ತಿರ್ಲಿಲ್ಲ. ಇನ್ನೊಂದ್ ಬಸ್ ಬರೋಗಂಟ ಅಲ್ಲೇ ನಿಂತಿರ್ತಾಳೆ, ಬುಡು."

ಬಸ್ಸು ಬಂತು. ಇಳಿದವರು ಇಬ್ಬರು, ಅಪ್ಪ ಅಲ್ಲ. ಅವಳು ಅದನ್ನೂ ನೋಡಿಕೊಂಡೇ ತಿರುಗಿದಳು. ಟವಲ್ಲನ್ನು ಬಿಡಿಸಿಕೊಳ್ಳಲು ಎರಡು ರಾಗಿಮುದ್ದೆ, ಒಂದು ತೆಂಗಿನಕಾಯಿ ಬೇಕಾಯಿತು. ಒಂದು ಮೂಲೆ ಅಗಿದು ನಾರುನಾರಾಗಿತ್ತು. ಮಿಕ್ಕದ್ದೆಲ್ಲ ಜೊಲ್ಲು, ಕೆಸರು, ಹಸಿರು ಪಸೆ.

ಇಳಿಯುವ ಬಸ್ಸು ಹತ್ತಿ ಕೂತೆ. ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಜೀವನದಲ್ಲಿ ಮೊದಲ ಸಲ ಅವನಿಗೆ ಹೇಳಲು ನನ್ನ ಬಳಿ ನಿಜವಾದ ಒಳ್ಳೆಯ ಸುದ್ದಿಯಿತ್ತು. ಪಕ್ಕದ ಸೀಟಿನ ಹೆಂಗಸು ಕಾಲ ಬಳಿಯ ಬ್ಯಾಗನ್ನು ನೋಡಿ, "ಏನ್ ಸಾ ಅದು, ಮೀನಾ?" ಎಂದಳು. ಅಲ್ಲ ಎಂದೆ. "ಮತ್ತೆ ಸತ್ತೈತಾ?" ಎಂದು ಕೇಳಿ ಎದ್ದು ಮುಂದಿನ ಸೀಟಿಗೆ ಹೋದಳು.

ಆಗ ಶುರುವಾಯಿತು. ಹೋದ ಚಳಿಗಾಲದಲ್ಲಿ ಅಪ್ಪನಿಗೆ ಎದೆ ಕಟ್ಟಿತ್ತು. ಎಂಬತ್ತು ದಾಟಿದ ಶ್ವಾಸಕೋಶ. ಆನೆಯ ಜೊಲ್ಲಿನಲ್ಲಿ ಏನೇನಿರುತ್ತದೋ. ಹಳ್ಳದ ನೀರಿನಲ್ಲಿ ಏನೇನಿರುತ್ತದೋ. ಊರಿಗೆಲ್ಲ ಕೈ ತೊಳೆಯಲು ಹೇಳುವವನ ಅಪ್ಪನಿಗೇ ಸೋಂಕು ತಗುಲಿ ಆಸ್ಪತ್ರೆ ಸೇರಿದರೆ? ಯಳಂದೂರಿನಲ್ಲಿ ಕೊಳ್ಳೇಗಾಲದ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ನಲ್ಲಿಯಿತ್ತು. ಬ್ಯಾಗಿನಲ್ಲಿ ಸೋಪಿತ್ತು.

ಎರಡು ಸಲ ಸೋಪು ಹಾಕಿದೆ. ಚೆನ್ನಾಗಿ ಹಿಂಡಿದೆ. ಬಸ್ಸಿನ ಕಿಟಕಿಗೆ ಹಿಡಿದುಕೊಂಡು ಕೂತೆ. ತೆಳು ಬಟ್ಟೆ, ಕೊಳ್ಳೇಗಾಲ ತಲುಪುವ ಹೊತ್ತಿಗೆ ಗಾಳಿಗೆ ಒಣಗಿತ್ತು. ಏನೂ ಕೆಡದೆ ಒಂದು ದಿನ ಮುಗಿಯಿತಲ್ಲ ಎಂದು ಹಗುರವಾಗಿ ಮನೆಯವರೆಗೆ ನಡೆದೆ.

ಅಪ್ಪ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ನನ್ನ ಹೆಜ್ಜೆ ಕೇಳಿದ ಕೂಡಲೇ ಕೈ ಚಾಚಿದ. ಅವನು ನನ್ನನ್ನು ಏನೂ ಕೇಳಲಿಲ್ಲ, ಟವಲ್ಲನ್ನಷ್ಟೇ ಕೇಳಿದ. ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಮುಖಕ್ಕೆ ಒತ್ತಿಕೊಂಡು, ಎದೆ ತುಂಬ ಉಸಿರೆಳೆದ.

ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಿದ್ದ ಹುಡುಗ ನನಗೆ ನೆನಪಾದದ್ದು ಆಗ.

ಅಪ್ಪ ಟವಲ್ಲನ್ನು ತಿರುಗಿಸಿ ಇನ್ನೊಂದು ಮಗ್ಗುಲನ್ನು ಮೂಸಿದ. ಮೂಲೆ ಮೂಲೆ ಮೂಸಿದ. ಕೆಳಗಿಳಿಸಿದ.

ನಾನು ಗಡಿಬಿಡಿಯಿಂದ ಎಲ್ಲವನ್ನೂ ಹೇಳಿದೆ. ಹಳ್ಳದಿಂದ ಎದ್ದು ಬಂದದ್ದು, ರಸ್ತೆಯಲ್ಲಿ ಕಾದದ್ದು, ಧತ್ ಎಂದರೂ ಕೇಳದ್ದು. ಒಂದೂ ಸುಳ್ಳಿರಲಿಲ್ಲ. ಹೇಳುತ್ತಾ ಹೋದಂತೆ ನನ್ನ ಕಿವಿಗೇ ಅದು ಎರಡು ತಿಂಗಳಲ್ಲಿ ಓಡಾಡ್ತೀಯ ಎಂಬ ಮಾತಿನ ಹಾಗೆ ಕೇಳಿಸತೊಡಗಿತು.

"ಊಂ" ಎಂದ ಅಪ್ಪ. "ಚೆನ್ನಾಗವ್ಳೆ ಅನ್ನು."

"ಕಾವಾಡಿ ಅಣ್ಣನ್ನ ಕೇಳಪ್ಪ ಬೇಕಾದ್ರೆ. ಫೋನ್ ಹಾಕ್ಕೊಡ್ತೀನಿ."

"ಅವ್ನೂ ನಿನ್ನಂಗೇ. ನನ್ ಮನಸ್ಸು ನೋಯ್ಬಾರ್ದು ಅಂತ ಯೋಳ್ತಾನೆ."

ಅವನ ಹೆಬ್ಬೆರಳು ಟವಲ್ಲಿನ ಅಂಚು ಹಿಡಿದು ಹೋಗುತ್ತಿದ್ದದ್ದು ಅಗಿದ ಮೂಲೆಗೆ ಬಂದು ನಿಂತಿತು. ನಾರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಇದೇನ್ಲಾ, ಇಲಿ ಕಡ್ದಿದ್ದಾ?"

"ಅಲ್ಲಪ್ಪ. ಅವಳು. ಬಾಯಲ್ಲಿಟ್ಕೊಂಡು..."

ಅಪ್ಪ ಆ ಮೂಲೆಯನ್ನು ಮುಷ್ಟಿಯೊಳಗೆ ಇಟ್ಟುಕೊಂಡು, ಬೈಗುಳದ ದನಿಯೂ ಇಲ್ಲದೆ ಅಂದ:

"ಒಗೀಬಾರ್ದಾಗಿತ್ತು ಕಣ್ಲಾ."